ಬೇಸ್‌ಬಾಲ್ ಅಂಪೈರ್ ಜಾಗಕ್ಕೇ ಮೆಷಿನ್ ಬರಬೇಕಾ, ಅಂಪೈರ್ ಜೊತೆಗಿದ್ದರೆ ಸಾಕಾ?

ಡೆಟ್ರಾಯಿಟ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. 2026ರ ಸೀಸನ್‌ನಿಂದ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಬಾಲ್, ಸ್ಟ್ರೈಕ್ ತೀರ್ಪನ್ನೂ ಆಟಗಾರರು ಚಾಲೆಂಜ್ ಮಾಡಬಹುದು. ಬ್ಯಾಟರ್ ಬೀಸದೆ ಬಿಟ್ಟ ಚೆಂಡು ಝೋನ್ ಅನ್ನುವ ಕಾಲ್ಪನಿಕ ಚೌಕದೊಳಗೆ ಬಂದಿದ್ದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. 2025ರ ಸೆಪ್ಟೆಂಬರ್ 23ರಂದು ಲೀಗ್‌ನ ಸ್ಪರ್ಧಾ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಸಮಿತಿಯಲ್ಲಿ 11 ಜನ. ಮಾಲೀಕರ ಕಡೆಯವರು ಆರು, ಆಟಗಾರರು ನಾಲ್ವರು, ಅಂಪೈರ್ ಒಬ್ಬರೇ.

ನಿಯಮ ಸರಳವಾಗಿದೆ. ತಂಡಕ್ಕೆ ಎರಡು ಚಾಲೆಂಜ್. ಗೆದ್ದರೆ ಅದು ಕೈಯಲ್ಲೇ ಉಳಿಯುತ್ತದೆ, ಸೋತರೆ ಹೋಯಿತು. ಕೇಳುವ ಹಕ್ಕು ಬ್ಯಾಟರ್, ಪಿಚರ್ (ಚೆಂಡು ಎಸೆಯುವವನು), ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವನು) ಈ ಮೂವರಿಗೆ ಮಾತ್ರ. ಟೋಪಿ ಅಥವಾ ಹೆಲ್ಮೆಟ್ ತಟ್ಟಬೇಕು, ಅದೂ ಕೂಡಲೇ. ಡಗೌಟ್ ಕಡೆ ನೋಡಿ ಸಲಹೆ ಕೇಳುವ ಹಾಗಿಲ್ಲ. ಮೈದಾನದ ಸುತ್ತ ಇರುವ ಹಾಕ್-ಐ ಕ್ಯಾಮೆರಾಗಳು ಚೆಂಡು ಎಲ್ಲಿ ಹೋಯಿತು ಅಂತ ದೊಡ್ಡ ಪರದೆಯಲ್ಲಿ ತೋರಿಸುತ್ತವೆ. 2025ರ ವಸಂತ ಅಭ್ಯಾಸ ಪಂದ್ಯಗಳಲ್ಲಿ ಇದನ್ನು ಪರೀಕ್ಷೆ ಮಾಡಿದಾಗ ಒಂದು ಚಾಲೆಂಜ್ ಮುಗಿಯಲು ಸರಾಸರಿ 13.8 ಸೆಕೆಂಡು ಹಿಡಿಯಿತು. ಪಂದ್ಯಕ್ಕೆ ಸುಮಾರು ನಾಲ್ಕು ಚಾಲೆಂಜ್ ಬಂದವು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ 52.2 ಶೇಕಡಾ ತೀರ್ಪುಗಳು ಬದಲಾದವು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಇದು ಸರಿಯಾದ ದಾರಿ. ಚೆಂಡು ಝೋನ್ ಒಳಗೆ ಬಂತಾ ಇಲ್ವಾ ಅನ್ನುವುದು ಅಳತೆಯ ಪ್ರಶ್ನೆ. ಅಳತೆಯ ಪ್ರಶ್ನೆಗೆ ಕೊನೆಯ ಉತ್ತರ ಯಂತ್ರದ್ದೇ ಆಗಿರಲಿ. ಆದರೆ ಹೋಮ್ ಪ್ಲೇಟ್ (ಬ್ಯಾಟರ್ ಪಕ್ಕ ನೆಲದಲ್ಲಿರುವ ಬಿಳಿ ಹಲಗೆ) ಹಿಂದೆ ಅಂಪೈರ್ ನಿಂತಿರಲಿ, ಮೊದಲ ತೀರ್ಪು ಅವರೇ ಕೊಡಲಿ. ಅನುಮಾನ ಬಂದಾಗ ಕೇಳುವ ಹಕ್ಕು ಆಟಗಾರನಿಗಿರಲಿ. ಪ್ರತಿ ಎಸೆತಕ್ಕೂ ಯಂತ್ರವೇ ತೀರ್ಪು ಕೊಡಬೇಕು ಅನ್ನುವವರೂ ಇಲ್ಲಿದ್ದೀರಿ ಅಂತ ಗೊತ್ತು. ನಿಮ್ಮ ವಾದ ಕೇಳಬೇಕು.

ಹುಬ್ಬಳ್ಳಿ ಹುಡುಗಿ

ಸರ್, ನಾನು ಬೇಸ್‌ಬಾಲ್ ನೋಡೋಕೆ ಶುರು ಮಾಡಿದ್ದೇ ಇತ್ತೀಚೆಗೆ. ಝೋನ್ ಅಂದರೆ ನಿಖರವಾಗಿ ಎಲ್ಲಿಂದ ಎಲ್ಲಿವರೆಗೆ? ಟಿವಿಯಲ್ಲಿ ಒಂದು ಚೌಕ ತೋರಿಸ್ತಾರೆ. ಆದರೆ ಬ್ಯಾಟರ್ ಬದಲಾದ ಹಾಗೆ ಅದರ ಎತ್ತರವೂ ಬದಲಾಗುತ್ತೆ ಅಲ್ವಾ?

ಡೆಟ್ರಾಯಿಟ್ ಕನ್ನಡಿಗ

ಹೌದು, ಬದಲಾಗುತ್ತೆ. ಅಗಲ ಎಲ್ಲರಿಗೂ ಒಂದೇ, ಹೋಮ್ ಪ್ಲೇಟ್‌ನಷ್ಟು, 17 ಇಂಚು. ಎತ್ತರದ ವಿಷಯದಲ್ಲೇ ಜಗಳ ಇರೋದು. ನಿಯಮ ಪುಸ್ತಕದ ಪ್ರಕಾರ ಕೆಳಗಿನ ಗೆರೆ ಮಂಡಿ ಚಿಪ್ಪಿನ ಕೆಳಗೆ. ಮೇಲಿನ ಗೆರೆ ಭುಜಕ್ಕೂ ಪ್ಯಾಂಟಿನ ಮೇಲಂಚಿಗೂ ನಡುವೆ. ಬ್ಯಾಟರ್ ಹೊಡೆಯಲು ನಿಂತ ಭಂಗಿಯಲ್ಲಿ ಇದನ್ನು ಅಂಪೈರ್ ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು.

ಯಂತ್ರಕ್ಕೆ ಹೀಗೆ ಹೇಳಿದರೆ ಆಗಲ್ಲ. ಅದಕ್ಕೆ ಆಟಗಾರನ ಎತ್ತರವನ್ನು ಮೊದಲೇ ಅಳೆದು ಇಟ್ಟಿರುತ್ತಾರೆ, ಶೂ ಇಲ್ಲದೆ. ಝೋನ್‌ನ ಮೇಲಂಚು ಎತ್ತರದ 53.5 ಶೇಕಡಾ, ಕೆಳಂಚು 27 ಶೇಕಡಾ. ಯಾಂಕೀಸ್ ತಂಡದ ಆರು ಅಡಿ ಏಳು ಇಂಚಿನ ಬ್ಯಾಟರ್ ಆರನ್ ಜಡ್ಜ್‌ಗೆ ಝೋನ್ ನೆಲದಿಂದ ಸುಮಾರು 21 ಇಂಚಿಗೆ ಶುರುವಾಗಿ 42 ಇಂಚಿಗೆ ಮುಗಿಯುತ್ತದೆ. ಐದು ಅಡಿ ಆರು ಇಂಚಿನ ಹೋಸೆ ಅಲ್ಟೂವೆಗೆ ಸುಮಾರು 18ರಿಂದ 35 ಇಂಚು. ಒಂದೇ ಅಂಪೈರ್, ಒಂದೇ ಇನ್ನಿಂಗ್ಸ್, ಹೀಗೆ ಬೇರೆ ಬೇರೆ ಎತ್ತರದ ಒಂಬತ್ತು ಜನ. ಆರನ್ ಜಡ್ಜ್‌ನ ಮಂಡಿಯ ಕೆಳಗೆ ಹೋದ ಎಸೆತಗಳಿಗೂ ಅಂಪೈರ್‌ಗಳು ಸ್ಟ್ರೈಕ್ ಕೊಡ್ತಾರೆ ಅಂತ ಯಾಂಕೀಸ್ ಅಭಿಮಾನಿಗಳು ವರ್ಷಗಳಿಂದ ಗೊಣಗುತ್ತಿರುವುದು ಸುಮ್ನೆ ಅಲ್ಲ.

ಅಂಕಿಅಂಶ

ನಾನು ಪೂರ್ತಿ ಯಂತ್ರದ ಪರ. ಕಾರಣ ಹೇಳ್ತೀನಿ.

ಒಂದು ಪಂದ್ಯದಲ್ಲಿ ಸುಮಾರು 300 ಎಸೆತ. ಅದರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬ್ಯಾಟರ್ ಬ್ಯಾಟ್ ಬೀಸುವುದೇ ಇಲ್ಲ, ಅಲ್ಲೆಲ್ಲ ಅಂಪೈರ್ ತೀರ್ಪೇ ನಡೆಯುವುದು. ಈಗಿನ ಅಂಪೈರ್‌ಗಳು ಸುಮಾರು 94 ಶೇಕಡಾ ಸರಿಯಾಗಿ ಹೇಳ್ತಾರೆ. ದೊಡ್ಡ ಸಾಧನೆಯೇ, ಒಪ್ಪುತ್ತೇನೆ. 95 ಮೈಲಿ ವೇಗದ ಚೆಂಡು 0.4 ಸೆಕೆಂಡಿನಲ್ಲಿ ಪ್ಲೇಟ್ ದಾಟುತ್ತದೆ, ಅದೂ ತಿರುಗುತ್ತಾ. ಆದರೆ ಉಳಿದ 6 ಶೇಕಡಾ ಅಂದರೆ ಪಂದ್ಯಕ್ಕೆ ಒಂಬತ್ತು ಹತ್ತು ತಪ್ಪು. ಎರಡು ಬಾಲ್ ಒಂದು ಸ್ಟ್ರೈಕ್ ಆಗಬೇಕಾದದ್ದು ಒಂದು ಬಾಲ್ ಎರಡು ಸ್ಟ್ರೈಕ್ ಆದರೆ ಆ ಬ್ಯಾಟರ್‌ನ ಪರಿಸ್ಥಿತಿಯೇ ಬೇರೆ. ಮುಂದಿನ ಎಸೆತಕ್ಕೆ ಪಿಚರ್ ಏನು ಬೇಕಾದರೂ ಎಸೆಯಬಹುದು.

ಈಗ ಚಾಲೆಂಜ್ ಪದ್ಧತಿ ಏನು ಹೇಳುತ್ತಿದೆ ನೋಡಿ. ಸರಿ ಉತ್ತರ ಕಂಪ್ಯೂಟರ್ ಹತ್ತಿರ ಇದೆ. ಟಿವಿ ನೋಡುವವರಿಗೆ ಗೊತ್ತು. ಗ್ಯಾಲರಿಯಲ್ಲಿ ಫೋನ್ ಹಿಡಿದವರಿಗೆ ಗೊತ್ತು. ಮೈದಾನದಲ್ಲಿ ತೀರ್ಪು ಕೊಡಬೇಕಾದ ಒಬ್ಬರಿಗೆ ಮಾತ್ರ ಗೊತ್ತಿಲ್ಲ. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಎರಡೂ ಚಾಲೆಂಜ್ ಕಳೆದುಕೊಂಡ ತಂಡ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ತಪ್ಪು ತೀರ್ಪನ್ನು ನುಂಗಿಕೊಳ್ಳಬೇಕು. ಸರಿ ತೀರ್ಪಿಗೆ ರೇಷನ್ ಯಾಕೆ?

ಲೆಗ್‌ಸ್ಪಿನ್ ಅಭಿಮಾನಿ

ಇದೇ ವಾದವನ್ನು ನಾವು ಕ್ರಿಕೆಟ್‌ನಲ್ಲಿ ಹದಿನೈದು ವರ್ಷಕ್ಕೂ ಮೇಲೆ ಮಾಡಿದ್ದೇವೆ. ಅದರ ನಡುವೆ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಇದ್ದರು, ಅದಕ್ಕೇ ಹೇಳಬೇಕು ಅನ್ನಿಸಿತು.

2008ರ ಜನವರಿಯ ಸಿಡ್ನಿ ಟೆಸ್ಟ್ ಯಾರು ಮರೆಯುತ್ತಾರೆ? ಕುಂಬ್ಳೆ ಕ್ಯಾಪ್ಟನ್. ಆಂಡ್ರ್ಯೂ ಸೈಮಂಡ್ಸ್ 30 ರನ್ ಮಾಡಿದ್ದಾಗ ಇಶಾಂತ್ ಶರ್ಮಾ ಎಸೆತಕ್ಕೆ ಬ್ಯಾಟ್ ತಾಗಿಸಿದ್ದು ಎಲ್ಲರಿಗೂ ಕೇಳಿಸಿತ್ತು. ಅಂಪೈರ್ ನಾಟ್ ಔಟ್ ಅಂದರು. ಸೈಮಂಡ್ಸ್ 162 ಹೊಡೆದು ಔಟಾಗದೆ ಉಳಿದರು. ಅದೇ ವರ್ಷ ಶ್ರೀಲಂಕಾದಲ್ಲಿ ಡಿಆರ್‌ಎಸ್ ಪ್ರಯೋಗ ನಡೆಯಿತು. ಆಗಲೂ ಕುಂಬ್ಳೆಯೇ ಕ್ಯಾಪ್ಟನ್. ಭಾರತದ ರಿವ್ಯೂಗಳು ಒಂದಾದ ಮೇಲೊಂದು ವ್ಯರ್ಥವಾದವು. ಆಮೇಲೆ ನಮ್ಮ ಬೋರ್ಡ್ ವರ್ಷಗಟ್ಟಲೆ ಬೇಡ ಅಂತಲೇ ಕೂತಿತು. ಕೊನೆಗೆ 2016ರಲ್ಲಿ ಇಂಗ್ಲೆಂಡ್ ಸರಣಿಗೆ ಒಪ್ಪಿತು. ಆಗ ತಂಡದ ಕೋಚ್ ಯಾರು? ಮತ್ತೆ ಕುಂಬ್ಳೆ. ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿಯೂ ಇದ್ದ ಅವರು 2021ರಲ್ಲಿ 'ಅಂಪೈರ್ಸ್ ಕಾಲ್' ನಿಯಮವನ್ನು ಉಳಿಸಿಕೊಂಡರು.

ಅದನ್ನು ಉಳಿಸಿಕೊಳ್ಳಲು ಒಳ್ಳೆಯ ಕಾರಣವಿತ್ತು. ಎಲ್‌ಬಿಡಬ್ಲ್ಯೂನಲ್ಲಿ ಚೆಂಡು ಕಾಲಿಗೆ ಬಡಿದು ನಿಂತುಬಿಡುತ್ತದೆ. ಮುಂದೆ ಎಲ್ಲಿಗೆ ಹೋಗುತ್ತಿತ್ತು ಅನ್ನುವುದನ್ನು ಯಂತ್ರ ಊಹಿಸಬೇಕು. ಊಹೆಯಲ್ಲಿ ಅನುಮಾನಕ್ಕೆ ಜಾಗ ಇದೆ, ಆ ಜಾಗವನ್ನು ಅಂಪೈರ್‌ಗೆ ಬಿಟ್ಟಿದ್ದಾರೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಚೆಂಡು ಪ್ಲೇಟ್ ಮೇಲೆ ನಿಜವಾಗಿಯೂ ಹಾದುಹೋಗಿರುತ್ತದೆ. ಆದ ಘಟನೆಯನ್ನು ಅಳೆಯುತ್ತಿದ್ದಾರೆ, ಆಗಬಹುದಾಗಿದ್ದನ್ನು ಅಲ್ಲ. ಅದಕ್ಕೇ ಅಲ್ಲಿ ಅಂಪೈರ್ಸ್ ಕಾಲ್ ಇಲ್ಲ. ಚೆಂಡಿನ ಅಂಚು ಝೋನ್ ಗೆರೆಗೆ ಕೂದಲೆಳೆಯಷ್ಟು ತಾಗಿದರೂ ಸ್ಟ್ರೈಕ್. ಇದನ್ನು ನೋಡಿದರೆ ಯಂತ್ರವನ್ನು ನಂಬಲು ಕ್ರಿಕೆಟ್‌ಗಿಂತ ಬೇಸ್‌ಬಾಲ್‌ಗೇ ಹೆಚ್ಚು ಕಾರಣ ಇದೆ.

ಅಂಕಿಅಂಶ

ನನ್ನ ವಾದವನ್ನೇ ಇನ್ನೂ ಗಟ್ಟಿ ಮಾಡಿದಿರಿ ಸರ್. ಊಹೆ ಇಲ್ಲ, ಅಳತೆ ಮಾತ್ರ ಅಂದ ಮೇಲೆ ಎರಡೇ ಸಲ ಯಾಕೆ ಕೇಳಬೇಕು? ಪ್ರತಿ ಸಲವೂ ಅಳೆಯಲಿ. 2025ರಿಂದ ವಿಂಬಲ್ಡನ್ ಟೆನಿಸ್‌ನಲ್ಲೂ ಲೈನ್ ಜಡ್ಜ್‌ಗಳಿಲ್ಲ, ಗೆರೆಯ ತೀರ್ಪು ಯಂತ್ರದ್ದೇ.

ಸಿಯೋಲ್ ವಾಸಿ

ಕೊರಿಯಾದಿಂದ ಬರೀತಿದ್ದೀನಿ. 'ಪ್ರತಿ ಸಲವೂ ಅಳೆಯಲಿ' ಅನ್ನುವುದು ಇಲ್ಲಿ 2024ರಿಂದ ಜಾರಿಯಲ್ಲಿದೆ. ಯಾವುದೇ ದೇಶದ ಅಗ್ರ ಲೀಗ್‌ನಲ್ಲಿ ಇದು ಮೊದಲು ಬಂದಿದ್ದು ಇಲ್ಲೇ, ಕೆಬಿಒ ಲೀಗ್‌ನಲ್ಲಿ. ಅಂಪೈರ್ ಕಿವಿಯಲ್ಲಿ ಒಂದು ಇಯರ್‌ಪೀಸ್. ಯಂತ್ರ ಹೇಳಿದ್ದನ್ನು ಕೈ ಎತ್ತಿ ತೋರಿಸುವುದಷ್ಟೇ ಕೆಲಸ.

ಒಳ್ಳೆಯದನ್ನು ಮೊದಲು ಹೇಳ್ತೀನಿ. ಬಾಲ್-ಸ್ಟ್ರೈಕ್ ವಿಷಯಕ್ಕೆ ಅಂಪೈರ್ ಮುಖಕ್ಕೆ ಮುಖ ಕೊಟ್ಟು ಕೂಗಾಡುವುದು ಬಹಳ ಕಡಿಮೆ ಆಗಿದೆ. ಎರಡೂ ತಂಡಕ್ಕೆ ಒಂದೇ ಝೋನ್ ಅನ್ನುವ ನೆಮ್ಮದಿ ಪ್ರೇಕ್ಷಕರಿಗಿದೆ.

ಆದರೆ 2024ರ ಏಪ್ರಿಲ್ 14ರಂದು ಡೇಗುವಿನಲ್ಲಿ ಆದದ್ದು ಕೇಳಿ. ಸ್ಯಾಮ್ಸಂಗ್ ಲಯನ್ಸ್ ಮತ್ತು ಎನ್‌ಸಿ ಡೈನೋಸ್ ಪಂದ್ಯ. ಯಂತ್ರ ಸ್ಟ್ರೈಕ್ ಅಂದಿತ್ತು, ಪ್ಲೇಟ್ ಅಂಪೈರ್ ಬಾಲ್ ಅಂದರು. ಡೈನೋಸ್ ತಂಡದವರು ಟ್ಯಾಬ್ಲೆಟ್‌ನಲ್ಲಿ ನೋಡಿ ಕೇಳುವಷ್ಟರಲ್ಲಿ ಮುಂದಿನ ಎಸೆತಗಳು ಆಗಿಹೋಗಿದ್ದವು. ತಡವಾಯಿತು ಅಂತ ಮನವಿ ತಳ್ಳಿದರು. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಅಂಪೈರ್‌ಗಳು ಒಟ್ಟು ಸೇರಿ, ಕಿವಿಗೆ ಬಾಲ್ ಅಂತಲೇ ಕೇಳಿಸಿತು ಅಂತ ಹೇಳಿಬಿಡೋಣ ಎಂದು ಮಾತಾಡಿಕೊಂಡದ್ದು ಟಿವಿ ಮೈಕ್‌ನಲ್ಲಿ ಊರಿಗೆಲ್ಲ ಕೇಳಿಸಿತು. ತಪ್ಪನ್ನು ಯಂತ್ರದ ತಲೆಗೆ ಕಟ್ಟಲು ಹೊರಟಿದ್ದರು. ಲೀಗ್ ಆ ಅಂಪೈರ್‌ಗಳ ಮುಖ್ಯಸ್ಥನನ್ನು ಕೆಲಸದಿಂದಲೇ ತೆಗೆಯಿತು.

ನನಗೆ ಅದರಲ್ಲಿ ಕಂಡದ್ದು ಇದು. ಅಂಪೈರ್ ಕೈಯಿಂದ ತೀರ್ಪನ್ನು ಪೂರ್ತಿ ಕಿತ್ತುಕೊಂಡರೆ ಹೊಣೆಯೂ ಕೈ ಬಿಟ್ಟು ಹೋಗುತ್ತದೆ. ಚೆಂಡನ್ನು ನೋಡಬೇಕಾದವರು ಕಿವಿಯ ಶಬ್ದಕ್ಕೆ ಕಾಯುತ್ತಾರೆ. ಶಬ್ದ ಬರದಿದ್ದರೆ ಹೇಳಲು ಅವರ ಹತ್ತಿರ ಏನೂ ಇರುವುದಿಲ್ಲ.

ವಿಂಬಲ್ಡನ್ ಉದಾಹರಣೆಯೂ ಪೂರ್ತಿ ಹೇಳಬೇಕು. ಅದೇ 2025ರಲ್ಲಿ ಸೆಂಟರ್ ಕೋರ್ಟ್‌ನಲ್ಲಿ, ಪಾವ್ಲ್ಯುಚೆಂಕೋವಾ ಮತ್ತು ಸೋನೇ ಕಾರ್ಟಲ್ ಆಟದ ನಡುವೆ, ಕೋರ್ಟ್‌ನ ಒಂದು ಭಾಗದಲ್ಲಿ ಯಂತ್ರವನ್ನು ಯಾರೋ ಕೈತಪ್ಪಿ ಆಫ್ ಮಾಡಿದ್ದರು. ಚೆಂಡು ಹೊರಗೆ ಬಿದ್ದರೂ ಸದ್ದಿಲ್ಲ. ಅಂಪೈರ್ ಆ ಪಾಯಿಂಟನ್ನು ಮತ್ತೆ ಆಡಿಸಿದರು.

ಅಂಕಿಅಂಶ

ಎರಡೂ ಕಡೆ ತಪ್ಪಿದ್ದು ಮನುಷ್ಯರೇ ಅಲ್ವಾ? ಯಂತ್ರ ಸರಿಯಾಗಿಯೇ ಅಳೆದಿತ್ತು, ಅಥವಾ ಅದನ್ನು ಆಫ್ ಮಾಡಿದ್ದರು.

ಸಿಯೋಲ್ ವಾಸಿ

ಹೌದು, ಮನುಷ್ಯರೇ. ಯಂತ್ರ ಇಟ್ಟರೂ ಮನುಷ್ಯರು ಹೋಗುವುದಿಲ್ಲ ಅಂತಲೇ ನಾನು ಹೇಳ್ತಿರೋದು. ಹೋಗದಿದ್ದ ಮೇಲೆ ಅವರನ್ನು ಎಚ್ಚರವಾಗಿ ಇಡುವ ವ್ಯವಸ್ಥೆ ಬೇಕು.

ಕಾವೇರಿ ತೀರ

ನಾನು ಹಳೆಯ ಪಂಥ. ನನಗೆ ಚಾಲೆಂಜ್ ಕೂಡ ಬೇಡ.

ಮೊದಲನೆಯದು, ಕ್ಯಾಚರ್ ಕಲೆ. ಗೆರೆಯ ಆಚೆ ಹೋಗುವ ಚೆಂಡನ್ನು ಮಣಿಕಟ್ಟಿನಲ್ಲೇ ಮೆಲ್ಲಗೆ ಒಳಗೆ ತಂದು, ಕದಲದೆ ಹಿಡಿದು ತೋರಿಸುವುದು. ಫ್ರೇಮಿಂಗ್ ಅಂತಾರೆ. ಹಿಂದೆ ಹೋಸೆ ಮೊಲಿನಾ, ಈಗ ಪ್ಯಾಟ್ರಿಕ್ ಬೇಲಿ. ಇದನ್ನು ಕಲಿಯಲು ಅವರು ಮಂಡಿ ಸವೆಸಿದ್ದಾರೆ. ಪೂರ್ತಿ ಯಂತ್ರ ಬಂದರೆ ಆ ವಿದ್ಯೆಗೆ ಬೆಲೆಯೇ ಇಲ್ಲ. ಚೆಂಡು ಹೇಗಾದರೂ ಹಿಡಿದರೆ ಸಾಕು.

ಎರಡನೆಯದು 2010ರ ಜೂನ್ 2. ಡೆಟ್ರಾಯಿಟ್ ಅಣ್ಣನಿಗೆ ನಾನು ಹೇಳಬೇಕಾಗಿಲ್ಲ. ಡೆಟ್ರಾಯಿಟ್ ಟೈಗರ್ಸ್ ತಂಡದ ಪಿಚರ್ ಅರ್ಮಾಂಡೊ ಗಲರಾಗ 26 ಜನರನ್ನು ಸತತವಾಗಿ ಔಟ್ ಮಾಡಿದ್ದ. 27ನೆಯವನು ಔಟಾದರೆ ಪರ್ಫೆಕ್ಟ್ ಗೇಮ್, ಅಂದರೆ ಎದುರಾಳಿಯ ಒಬ್ಬನೂ ಬೇಸ್ ತಲುಪದ ಪಂದ್ಯ. ಚೆಂಡು ಮೊದಲ ಬೇಸ್‌ಗೆ ಓಟಗಾರನಿಗಿಂತ ಮುಂಚೆ ಬಂತು. ಅಂಪೈರ್ ಜಿಮ್ ಜಾಯ್ಸ್ ಸೇಫ್ (ಔಟಿಲ್ಲ) ಅಂದರು. ಗಲರಾಗ ಜಗಳಕ್ಕೆ ಹೋಗಲಿಲ್ಲ, ಮುಗುಳ್ನಕ್ಕು ಮತ್ತೆ ಎಸೆಯಲು ಹೋದ. ಪಂದ್ಯದ ನಂತರ ರಿಪ್ಲೇ ನೋಡಿದ ಜಾಯ್ಸ್ ಕಣ್ಣೀರು ಹಾಕಿ ಅವನ ಹತ್ತಿರ ಕ್ಷಮೆ ಕೇಳಿದರು. ಮರುದಿನ ಪ್ಲೇಟ್ ಹಿಂದೆ ನಿಲ್ಲಬೇಕಾದವರು ಅದೇ ಜಾಯ್ಸ್. ತಂಡದ ಪಟ್ಟಿಯನ್ನು ಅವರ ಕೈಗೆ ಕೊಡಲು ಬಂದದ್ದು ಗಲರಾಗ. ಅಮೆರಿಕದ ಜನ ಆ ಎರಡು ದಿನ ಆಟದಿಂದ ಕಲಿತದ್ದನ್ನು ಯಾವ ಕ್ಯಾಮೆರಾ ಕೊಡುತ್ತೆ?

ಡೆಟ್ರಾಯಿಟ್ ಕನ್ನಡಿಗ

ಅಣ್ಣ, ಆ ಕಥೆ ಹೇಳಿದರೆ ಈ ಊರಲ್ಲಿ ಇವತ್ತಿಗೂ ಜನ ಮೌನವಾಗುತ್ತಾರೆ. ಇಬ್ಬರೂ ದೊಡ್ಡ ಮನುಷ್ಯರು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಗಲರಾಗನ ಕಡೆಯಿಂದ ನೋಡಿ. ಮೇಜರ್ ಲೀಗ್‌ನ ಇಷ್ಟು ಉದ್ದದ ಇತಿಹಾಸದಲ್ಲಿ ಪರ್ಫೆಕ್ಟ್ ಗೇಮ್ ಆಗಿರುವುದು 24 ಮಾತ್ರ. ಅವನ ಹೆಸರು ಆ ಪಟ್ಟಿಯಲ್ಲಿಲ್ಲ. ಆಗಿನ ಕಮಿಷನರ್ ಬಡ್ ಸೀಲಿಗ್ ತೀರ್ಪನ್ನು ಬದಲಾಯಿಸಲಿಲ್ಲ. ಅವನು ದೊಡ್ಡ ಮನಸ್ಸು ತೋರಿಸಿದ ಅಂತ ಅವನ ನಷ್ಟ ಚಿಕ್ಕದಾಗುವುದಿಲ್ಲ. ಜಾಯ್ಸ್ ಅವರಿಗೂ ಅದು ನ್ಯಾಯವಲ್ಲ. ದಶಕಗಳ ಕಾಲ ಚೆನ್ನಾಗಿ ಕೆಲಸ ಮಾಡಿದವರು, ಜನ ನೆನಪಿಟ್ಟುಕೊಂಡಿರುವುದು ಒಂದೇ ತೀರ್ಪನ್ನು. 1985ರ ವರ್ಲ್ಡ್ ಸೀರೀಸ್‌ನ (ಫೈನಲ್ ಸರಣಿಯ) ಆರನೇ ಪಂದ್ಯದಲ್ಲಿ ಅಂಪೈರ್ ಡಾನ್ ಡೆಂಕಿಂಗರ್ ಅವರಿಗೂ ಹೀಗೇ ಆಯಿತು. ಅದೂ ಮೊದಲ ಬೇಸ್‌ನ ಸೇಫ್ ತೀರ್ಪೇ. ಕಾರ್ಡಿನಲ್ಸ್ ಅಭಿಮಾನಿಗಳು ಬಹಳ ವರ್ಷ ಕ್ಷಮಿಸಲಿಲ್ಲ.

2014ರಲ್ಲಿ ಸೇಫ್-ಔಟ್ ತೀರ್ಪುಗಳಿಗೂ ರಿಪ್ಲೇ ಬಂತು. ಜಾಯ್ಸ್ ಇವತ್ತು ಆ ತೀರ್ಪು ಕೊಟ್ಟಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸರಿಯಾಗುತ್ತಿತ್ತು, ಅವರು ಅಂದು ರಾತ್ರಿ ನೆಮ್ಮದಿಯಿಂದ ಮಲಗುತ್ತಿದ್ದರು. ಯಂತ್ರ ಅಂಪೈರ್‌ನ ಶತ್ರು ಅನ್ನುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಫ್ರೇಮಿಂಗ್ ಬಗ್ಗೆ ನಿಮ್ಮ ಕಾಳಜಿ ನನಗೂ ಇದೆ. ಚಾಲೆಂಜ್ ಪದ್ಧತಿಯಲ್ಲಿ ಅದು ಉಳಿಯುತ್ತದೆ, ಮೊದಲ ತೀರ್ಪು ಅಂಪೈರ್ ಕಣ್ಣಿನದೇ ತಾನೆ. ಅಷ್ಟೇ ಅಲ್ಲ, ಕ್ಯಾಚರ್‌ಗೆ ಹೊಸ ಕೆಲಸವೂ ಬಂದಿದೆ. ಆ ವಸಂತ ಪರೀಕ್ಷೆಯಲ್ಲಿ ಕ್ಯಾಚರ್‌ಗಳು ಕೇಳಿದಾಗ 56 ಶೇಕಡಾ ಗೆದ್ದರು. ಬ್ಯಾಟರ್‌ಗಳು 50. ಪಿಚರ್‌ಗಳು 41. ಝೋನ್ ಯಾರಿಗೆ ಚೆನ್ನಾಗಿ ಗೊತ್ತು ಅಂತ ಅಲ್ಲೇ ಕಾಣುತ್ತೆ. 2025ರ ಆಲ್-ಸ್ಟಾರ್ ಪಂದ್ಯದಲ್ಲಿ ಮೊದಲ ಚಾಲೆಂಜ್ ಕೇಳಿ ಗೆದ್ದದ್ದೂ ಕ್ಯಾಚರ್ ಕ್ಯಾಲ್ ರಾಲಿ. ಎಸೆದವರು ನಮ್ಮ ಟೈಗರ್ಸ್‌ನ ಟಾರಿಕ್ ಸ್ಕೂಬಲ್. ಬಾಲ್ ಅಂತ ಆಗಿದ್ದದ್ದು ಮೂರನೇ ಸ್ಟ್ರೈಕ್ ಆಯಿತು, ಮ್ಯಾನಿ ಮಚಾಡೊ ಔಟ್.

ನ್ಯೂಜೆರ್ಸಿ ಅಮ್ಮ

ನೀವೆಲ್ಲ ಟಿವಿಯ ಆಟ ಮಾತಾಡ್ತಿದ್ದೀರಿ. ನಾನು ಪಾರ್ಕ್‌ನ ಆಟ ಹೇಳ್ತೀನಿ. ನನ್ನ ಮಗ ಲಿಟಲ್ ಲೀಗ್ ಆಡ್ತಾನೆ, ಯಜಮಾನರು ಶನಿವಾರ ಮಕ್ಕಳ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ತಾರೆ. ದುಡ್ಡಿಗಲ್ಲ. ಹತ್ತು ವರ್ಷದ ಮಕ್ಕಳ ಆಟದಲ್ಲಿ ಬೇಲಿಯ ಆಚೆಯಿಂದ ದೊಡ್ಡವರು ಆಡುವ ಮಾತು ಕೇಳಿದರೆ ಬೇಜಾರಾಗುತ್ತೆ. ಒಬ್ಬ ಅಪ್ಪ ಫೋನ್‌ನಲ್ಲಿ ವಿಡಿಯೋ ತೆಗೆದು, ಅದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿ 'ನೋಡ್ರಿ ಇದು ಬಾಲ್' ಅಂತ ಜಗಳಕ್ಕೆ ಬಂದರು. ಪಕ್ಕದಲ್ಲಿ ಅವರ ಮಗ ತಲೆ ತಗ್ಗಿಸಿ ನಿಂತಿದ್ದ.

ಇಲ್ಲಿ ಹಾಕ್-ಐ ಬರಲ್ಲ. ಯಾವತ್ತೂ ಬರಲ್ಲ. ಇಲ್ಲಿ ಮನುಷ್ಯರೇ ನಿಲ್ಲಬೇಕು. ಹಾಗಾಗಿ ನನ್ನ ಕಾಳಜಿ ಬೇರೆ. ದೊಡ್ಡ ಲೀಗ್‌ನಲ್ಲಿ ಪ್ಲೇಟ್ ಅಂಪೈರ್ ಅನ್ನುವವರು ಬರೀ ಕೈ ಎತ್ತುವ ಬೊಂಬೆ ಆದರೆ, ಇಲ್ಲಿ ಹದಿನಾರು ವರ್ಷದ ಹುಡುಗ ಹುಡುಗಿ ಯಾಕೆ ಅಂಪೈರಿಂಗ್ ಕಲಿಯುತ್ತಾರೆ? ಜೆನ್ ಪವೋಲ್ 2016ರಿಂದ ಮೈನರ್ ಲೀಗ್‌ಗಳಲ್ಲಿ ಊರೂರು ಅಲೆದು, 2025ರ ಆಗಸ್ಟ್‌ನಲ್ಲಿ ಮೇಜರ್ ಲೀಗ್‌ನ ಮೊದಲ ಮಹಿಳಾ ಅಂಪೈರ್ ಆದರು. ಅಟ್ಲಾಂಟಾದಲ್ಲಿ ಅವರು ಪ್ಲೇಟ್ ಹಿಂದೆ ನಿಂತದ್ದನ್ನು ನನ್ನ ಮಗಳು ಎದ್ದು ನಿಂತು ನೋಡಿದಳು. ಆ ಜಾಗಕ್ಕೆ ಬೆಲೆ ಇರಬೇಕು. ಅದೇ ಹೊತ್ತಿಗೆ ಆಟಗಾರ ಕೂಗಾಡುವ ಬದಲು ಟೋಪಿ ತಟ್ಟಿ ಕೇಳುವುದನ್ನು ನಮ್ಮ ಮಕ್ಕಳು ನೋಡಲಿ. ಉತ್ತರ ಏನೇ ಬರಲಿ, ಒಪ್ಪಿಕೊಂಡು ಆಟ ಮುಂದುವರಿಸುವುದನ್ನೂ ನೋಡಲಿ.

ಹುಬ್ಬಳ್ಳಿ ಹುಡುಗಿ

ಅಕ್ಕಾ, ಇದು ಮನಸ್ಸಿಗೆ ತಟ್ಟಿತು. ಇನ್ನೊಂದು ಪ್ರಶ್ನೆ. ಬಾಲ್-ಸ್ಟ್ರೈಕ್ ಬಿಟ್ಟರೆ ಪ್ಲೇಟ್ ಅಂಪೈರ್‌ಗೆ ಬೇರೆ ಕೆಲಸ ಏನಿರುತ್ತೆ?

ಲೆಗ್‌ಸ್ಪಿನ್ ಅಭಿಮಾನಿ

ಬೇಕಾದಷ್ಟಿದೆ. ಬ್ಯಾಟರ್ ಬ್ಯಾಟ್ ಬೀಸಿದನಾ, ಅರ್ಧಕ್ಕೇ ತಡೆದನಾ. ಚೆಂಡು ಮೈಗೆ ಬಡಿಯಿತಾ, ಬಡಿಯಲಿ ಅಂತ ಬೇಕಂತಲೇ ಒಡ್ಡಿದನಾ. ಹೊಡೆದ ಚೆಂಡು ಗೆರೆಯ ಒಳಗಾ (ಫೇರ್), ಹೊರಗಾ (ಫೌಲ್). ಕ್ಯಾಚರ್ ಓಟಗಾರನ ದಾರಿಗೆ ಅಡ್ಡ ನಿಂತನಾ. ಪಿಚರ್ ಬೇಕಂತಲೇ ತಲೆಗೆ ಎಸೆದನಾ. ಕೊನೆಯದನ್ನು ಯಾವ ಯಂತ್ರವೂ ಹೇಳಲಾರದು, ಉದ್ದೇಶವನ್ನು ಅಳೆಯುವ ಕ್ಯಾಮೆರಾ ಇಲ್ಲ. ಬ್ಯಾಟ್ ಬೀಸಿದ್ದರ ಚಾಲೆಂಜನ್ನು ಮಾತ್ರ ಮೈನರ್ ಲೀಗ್ ಮಟ್ಟದಲ್ಲಿ ಈಗಾಗಲೇ ಪರೀಕ್ಷೆ ಮಾಡುತ್ತಿದ್ದಾರೆ.

ಅಂಕಿಅಂಶ

ಅಮ್ಮನವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಅದು ನಿಜವಾದ ಕಾಳಜಿ. ಆದರೂ ನನ್ನ ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಚಾಲೆಂಜ್ ಮುಗಿದ ಮೇಲೆ ಒಂಬತ್ತನೇ ಇನ್ನಿಂಗ್ಸ್‌ನ ತಪ್ಪು?

ಡೆಟ್ರಾಯಿಟ್ ಕನ್ನಡಿಗ

ಉತ್ತರ ಕೊಡ್ತೀನಿ. ಗೆದ್ದ ಚಾಲೆಂಜ್ ಕಳೆದುಹೋಗುವುದಿಲ್ಲ ಅನ್ನುವುದು ಇಲ್ಲಿ ಮುಖ್ಯ. ತಂಡ ಸರಿಯಾಗಿ ಕೇಳುತ್ತಾ ಹೋದರೆ ಹತ್ತು ಸಲವೂ ಕೇಳಬಹುದು. ಕಳೆದುಕೊಂಡದ್ದು ಎರಡು ಸಲ ತಪ್ಪಾಗಿ ಕೇಳಿದ್ದಕ್ಕೆ. ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋದಾಗ ಕೈ ಖಾಲಿ ಇದ್ದರೆ, ಪ್ರತಿ ಇನ್ನಿಂಗ್ಸ್‌ಗೂ ಒಂದು ಕೊಡುತ್ತಾರೆ. ಈ ಮಿತಿ ಇಲ್ಲದಿದ್ದರೆ ಸಿಟ್ಟು ಬಂದಾಗಲೆಲ್ಲ ಟೋಪಿ ತಟ್ಟುತ್ತಾರೆ. ಇನ್ನು ಪ್ರತಿ ಎಸೆತಕ್ಕೂ ಯಂತ್ರ ಅನ್ನುವುದನ್ನು ಟ್ರಿಪಲ್-ಎ (ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ) ಮಟ್ಟದಲ್ಲಿ ಮಾಡಿ ನೋಡಿದ್ದಾರೆ. 2023ರಲ್ಲಿ ಅರ್ಧ ಪಂದ್ಯಗಳು ಪೂರ್ತಿ ಯಂತ್ರದಲ್ಲಿ, ಇನ್ನರ್ಧ ಚಾಲೆಂಜ್‌ನಲ್ಲಿ ನಡೆದವು. ಎರಡನ್ನೂ ಆಡಿ ನೋಡಿದ ಆಟಗಾರರಿಗೆ ಹಿಡಿಸಿದ್ದು ಚಾಲೆಂಜ್. 2024ರ ಜೂನ್ ಕೊನೆಯಿಂದ ಅಲ್ಲಿ ಎಲ್ಲ ಪಂದ್ಯಗಳೂ ಚಾಲೆಂಜ್ ಪದ್ಧತಿಗೇ ಬಂದವು. ಆಡುವವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡ್ತೀನಿ.

ಆದರೆ ನಿಮ್ಮ ಒಂಬತ್ತನೇ ಇನ್ನಿಂಗ್ಸ್‌ನ ಚಿಂತೆಯಲ್ಲಿ ಸತ್ಯ ಇದೆ. ಬೇಸಿಗೆಯ 162 ಪಂದ್ಯಗಳಲ್ಲಿ ಒಂದು ತಪ್ಪನ್ನು ಸಹಿಸಬಹುದು. ಅಕ್ಟೋಬರ್‌ನಲ್ಲಿ ಆಗಲ್ಲ. ಅಲ್ಲಿ ಒಂದು ಎಸೆತಕ್ಕೆ ಇಡೀ ವರ್ಷದ ದುಡಿಮೆ ಹೋಗಬಹುದು. ಹಾಗಾಗಿ ಪ್ಲೇಆಫ್ ಪಂದ್ಯಗಳಲ್ಲಿ ಎಂಟನೇ ಇನ್ನಿಂಗ್ಸ್ ಶುರುವಾದಾಗ, ಚಾಲೆಂಜ್ ಉಳಿದಿಲ್ಲದ ತಂಡಕ್ಕೆ ಇನ್ನೊಂದು ಕೊಡಬೇಕು. ಹೆಚ್ಚುವರಿ ಇನ್ನಿಂಗ್ಸ್‌ಗೆ ಈ ದಾರಿ ಆಗಲೇ ಇದೆ, ಅದನ್ನೇ ಎಂಟಕ್ಕೂ ಒಂಬತ್ತಕ್ಕೂ ಎಳೆದರೆ ಆಯಿತು. ಸುಮಾರು 14 ಸೆಕೆಂಡಿನ ಕೆಲಸ. ಇಷ್ಟಕ್ಕೆ ನೀವು ಒಪ್ತೀರಾ, ಹೇಳಿ.

ಅಂಕಿಅಂಶ

ಅದಕ್ಕೆ ಒಪ್ಪುತ್ತೇನೆ. ಆದರೆ ಪ್ಲೇಆಫ್‌ಗೆ ಮಾತ್ರ ಯಾಕೆ, ಎಲ್ಲ ಪಂದ್ಯಕ್ಕೂ ಕೊಡಲಿ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಒಂದೇ ಪಂದ್ಯದ ಅಂತರದಲ್ಲಿ ಪ್ಲೇಆಫ್ ತಪ್ಪಿಸಿಕೊಳ್ಳುವ ತಂಡಕ್ಕೆ ಅದೂ ಅಕ್ಟೋಬರ್‌ನಷ್ಟೇ ದೊಡ್ಡದು.